ಮೊದಲು ಗೌಜಿಂಗ್ ಕಲಿತು ಬಾ ತಮ್ಮಾ

ಹಾಸನದ ಗ್ರಿಲ್ ಶಾಪ್‌ನಲ್ಲಿ ವೆಲ್ಡಿಂಗ್ ಮಾಡ್ತಿದ್ದೀನಿ, ಅಬುಧಾಬಿಗೆ ಬಂದ್ರೆ ಬದುಕು ಹೇಗಿರುತ್ತೆ ಅಣ್ಣಾ ಅಂತ ಕೇಳಿದ್ದೀಯ. ನಾನೂ ಬೇಲೂರು ಕಡೆಯವನೇ, ಅದಕ್ಕೇ ಬಿಚ್ಚಿ ಹೇಳುತ್ತೇನೆ. ಬದುಕಬಹುದು. ಆದರೆ ಗೇಟು, ಕಿಟಕಿ ಮಾಡಿದ ಅನುಭವ ಮಾತ್ರ ಇದ್ದರೆ ಹೆಲ್ಪರ್ ಆಗಿಯೇ ಉಳಿದುಬಿಡುತ್ತೀಯ.

ಇಲ್ಲಿನ ಕೈಗಾರಿಕಾ ಪ್ರದೇಶ ಮುಸಫ್ಫಾದ ಯಾರ್ಡ್‌ಗಳಲ್ಲಿ ಪೈಪು, ಟ್ಯಾಂಕು, ದಪ್ಪ ಪ್ಲೇಟಿನ ಕೆಲಸ. ಹಾಕಿದ ವೆಲ್ಡನ್ನು ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೆ ಸ್ಲ್ಯಾಗ್, ಅಂದರೆ ವೆಲ್ಡಿಂಗ್ ರಾಡಿನ ಲೇಪ ಕರಗಿ ಉಳಿದ ಕಿಟ್ಟ, ಸಿಕ್ಕಿಕೊಂಡಿದ್ದರೆ ಅಷ್ಟನ್ನು ಕಿತ್ತು ಮತ್ತೆ ಹಾಕಬೇಕು. ಆ ಕೀಳುವ ಕೆಲಸವೇ ಗೌಜಿಂಗ್. ತಾಮ್ರದ ಲೇಪ ಇರುವ ಕಾರ್ಬನ್ ರಾಡ್ ಲೋಹ ಕರಗಿಸುತ್ತದೆ, ಹೋಲ್ಡರ್‌ನಿಂದ ನುಗ್ಗುವ ಗಾಳಿ ಕರಗಿದ್ದನ್ನು ಊದಿ ಎಸೆಯುತ್ತದೆ. ಮೆಷಿನ್ ಡಿಸಿ (ಒಂದೇ ದಿಕ್ಕಿನ ಕರೆಂಟ್) ಇರಬೇಕು, ರಾಡ್ ಪಾಸಿಟಿವ್‌ಗೆ ಕೊಡಬೇಕು. ಗಾಳಿಯ ಒತ್ತಡ ಸಾಮಾನ್ಯವಾಗಿ 80ರಿಂದ 100 ಪಿಎಸ್‌ಐ. ಗಾಳಿಯ ತೂತು ರಾಡಿನ ಕೆಳಗಡೆ ಬರಬೇಕು, ಆರ್ಕ್ ಹೊಡೆಯುವ ಮೊದಲೇ ಗಾಳಿ ಬಿಡಬೇಕು. ಗಾಳಿ ಕಮ್ಮಿಯಾದರೆ ಕಾರ್ಬನ್ ಲೋಹಕ್ಕೆ ಸೇರುತ್ತದೆ, ಜಾಗ ಗಡುಸಾಗಿ ಬಿರುಕು ಬಿಡಬಹುದು. ಅದಕ್ಕೇ ಗ್ರೈಂಡ್ ಮಾಡದೆ ಅದರ ಮೇಲೆ ವೆಲ್ಡ್ ಹಾಕಲೇಬೇಡ. ಚೆನ್ನಾಗಿ ವೆಲ್ಡ್ ಹಾಕುವವರು ಸಿಗುತ್ತಾರೆ ತಮ್ಮಾ, ಬೇಕಾದಷ್ಟನ್ನೇ ಕೀಳುವವರು ಸಿಗುವುದು ಕಷ್ಟ.

ಗ್ಯಾಸ್ ಕಟಿಂಗ್ ನಿನಗೆ ಗೊತ್ತಿದೆ. ಆದರೆ ಸ್ಟೇನ್‌ಲೆಸ್ ಸ್ಟೀಲ್ ಅದರಲ್ಲಿ ಸರಿಯಾಗಿ ಕಟ್ ಆಗಲ್ಲ, ಪ್ಲಾಸ್ಮಾ ಕಟಿಂಗ್ ಮೆಷಿನ್ ಬೇಕು. ಪೈಪನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಮಾಡಿಸುವ 6ಜಿ ಅನ್ನುವ ವೆಲ್ಡಿಂಗ್ ಟೆಸ್ಟ್ ಪಾಸಾದರೆ ಸಂಬಳ ಜಾಸ್ತಿ.

ಗೌಜಿಂಗ್ ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿಗೆ ಪ್ಲಗ್ಗೂ ಹಾಕು, ಮೇಲೆ ಕಿವಿ ಪೂರ್ತಿ ಮುಚ್ಚುವ ಮಫ್ಫೂ ಹಾಕು. ಯಾರು ಎಷ್ಟೇ ಅವಸರ ಮಾಡಿದರೂ ಹೊಗೆ ಎಳೆಯುವ ಫ್ಯಾನ್ ಇಲ್ಲದೆ ಟ್ಯಾಂಕಿನೊಳಗೆ ಇಳಿಯಬೇಡ. ಕೆಲಸ ಹೋದರೆ ಹೋಗಲಿ.

ಇನ್ನು ಬಿಸಿಲು. ನಮ್ಮ ಹಾಸನದ ತಂಪು ಇಲ್ಲಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಕಾನೂನೇ ಇದೆ. ರೂಮಿನಲ್ಲಿ ನಾಲ್ಕಾರು ಜನ ಇರುತ್ತಾರೆ, ಅಡುಗೆ ಸರದಿ ಮೇಲೆ. ರಾಗಿ ಹಿಟ್ಟು ಸಿಗುತ್ತದೆ, ಮುದ್ದೆಗೆ ಚಿಂತೆಯಿಲ್ಲ.

ಈಗ ಗೌಜಿಂಗ್ ಕಲಿಯೋಕೆ ಜೆಸಿಬಿ ಬಕೆಟ್ ರಿಪೇರಿ ಮಾಡುವ, ಡಿಸಿ ಮೆಷಿನ್ನೂ ದೊಡ್ಡ ಕಂಪ್ರೆಸರ್ರೂ ಇರುವ ವರ್ಕ್‌ಶಾಪ್ ಹುಡುಕು. ಸಂಬಳ ಸ್ವಲ್ಪ ಕಮ್ಮಿಯಾದರೂ ಸೇರಿಕೋ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡು ಅನ್ನುವ ಏಜೆಂಟ್‌ನನ್ನು ನಂಬಬೇಡ, ಅದು ಇಲ್ಲಿ ಅಪರಾಧ. ನಮ್ಮ ಸರ್ಕಾರದ ನಿಯಮದಂತೆ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಫೀಸ್ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಆಫರ್ ಲೆಟರ್ ಕೈಗೆ ಬಂದರೆ ದುಡ್ಡು ಕಟ್ಟುವ ಮೊದಲು ನನಗೆ ಫೋಟೋ ಕಳಿಸು.