ರಸ್ತೆ, ಕ್ಯಾಮೆರಾ, ಜಿಪಿಎಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಯೆಲ್ಲೋ ಬೋರ್ಡ್ ಕಾರು. ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಬೇಕೆಂದು ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಹಾಕಿಸಿದೆ. ಬಾಡಿಗೆ ಇಲ್ಲದ ದಿನ ಮನೆಯವರ ಜೊತೆ ಊರಿಗೆ ಹೋದರೂ ಸರ್ಕಾರಕ್ಕೆ ಗೊತ್ತಾಗುತ್ತದಾ? ಆಗ ಅದನ್ನು ಆಫ್ ಮಾಡಬಹುದಾ?
– ಟ್ಯಾಕ್ಸಿ ಚಾಲಕರು, ಹಾಸನ

ಉತ್ತರ: ಗೊತ್ತಾಗುವ ವ್ಯವಸ್ಥೆ ಇದೆ. ಆಫ್ ಮಾಡುವ ಸ್ವಿಚ್ ಇಲ್ಲ. ವಾಹನದ ಜಾಡು ಹಿಡಿಯುವ ಸಾಧನಗಳಿಗಿರುವ ಎಐಎಸ್-140 ಮಾನದಂಡದಂತೆ ತಯಾರಾದ ಸಾಧನ ಇಗ್ನಿಷನ್ ಆನ್ ಇದ್ದಾಗ 5 ಸೆಕೆಂಡಿಗೊಮ್ಮೆ ಸ್ಥಳ ಕಳಿಸಬಲ್ಲದು. ಬ್ಯಾಟರಿ ವೈರ್ ಕಿತ್ತರೆ ಕಂಟ್ರೋಲ್ ರೂಮಿಗೆ ಎಚ್ಚರಿಕೆ ಹೋಗುತ್ತದೆ, ಒಳಗಿನ ಬ್ಯಾಟರಿ ಮತ್ತೆ 4 ಗಂಟೆ ಕೆಲಸ ಮಾಡುತ್ತದೆ. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ಕನಿಷ್ಠ 40,000 ದಾಖಲೆಗಳನ್ನು ಹಿಡಿದಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ.

ಪ್ಯಾನಿಕ್ ಬಟನ್ನಿನ ಸರ್ಕ್ಯೂಟ್ ಸದಾ ಮುಚ್ಚಿರುತ್ತದೆ, ಅಂದರೆ ಅದರಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ; ಒತ್ತಿದಾಗ ಅದು ತೆರೆದು, ಅಂದರೆ ಕಡಿದು, ಸಂಕಟದ ಕರೆ ಹೋಗುತ್ತದೆ. ಯಾರೋ ವೈರ್ ಕತ್ತರಿಸಿದರೂ ಕರೆ ಹೋಗಲೆಂದೇ ಹೀಗೆ ಮಾಡಿದ್ದಾರೆ. ಆದರೆ ಸೀಟ್ ಕವರ್ ಬದಲಿಸುವಾಗ ವೈರ್ ಸಡಿಲವಾದರೂ ಇದೇ ಆಗುತ್ತದೆ. ಸುಳ್ಳು ಕರೆಗಳು ಬರುತ್ತಿದ್ದರೆ ಮೊದಲು ಬಟನ್ನಿನ ಕನೆಕ್ಟರ್ ನೋಡಿಸಿ.

ರಾತ್ರಿ ಒಂಟಿಯಾಗಿ ಕೂತ ಪ್ರಯಾಣಿಕಳಿಗೆ ಈ ಬಟನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ನಿಮ್ಮ ರಜೆಯ ದಿನದ ಬಗ್ಗೆ. ಸಾಧನ ಕಡ್ಡಾಯ ಮಾಡಿದ ಕೇಂದ್ರ ಮೋಟಾರು ವಾಹನ ನಿಯಮ 125ಎಚ್‌ನಲ್ಲಿ ಚಾಲಕನ ಸ್ವಂತ ಸಮಯದ ಪ್ರಸ್ತಾಪವೇ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರಲ್ಲಿ ಕೈಹಾಕಲು ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈಹಾಕಬೇಕು. ಮೊದಲ ಎರಡು ಇಲ್ಲಿವೆ. ಮೂರನೆಯದು, ಬಾಡಿಗೆಯಿಲ್ಲದ ಹೊತ್ತಿನ ಜಾಡಿನ ಮಟ್ಟಿಗಂತೂ, ಇಲ್ಲವೆಂದೇ ನಮ್ಮ ಅಭಿಪ್ರಾಯ.

ನೀವು ಮಾಡಬಹುದಾದದ್ದು: ಸಾರಿಗೆ ಇಲಾಖೆಗೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ. ಜಾಡಿನ ಮಾಹಿತಿ ಎಷ್ಟು ದಿನ ಇಡುತ್ತೀರಿ, ಯಾವ ದರ್ಜೆಯ ಅಧಿಕಾರಿಗೆ ಲಾಗಿನ್ ಇದೆ, ಪೊಲೀಸರಿಗೆ ಯಾವ ಆದೇಶದ ಮೇಲೆ ಕೊಡುತ್ತೀರಿ ಎಂದು ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದಗಳೊಳಗಿರಬೇಕು. ಮೀರಿದರೆ ವಾಪಸ್ ಬರಬಹುದು. ಉತ್ತರಕ್ಕೆ 30 ದಿನ ಗಡುವು.

ಪ್ರಶ್ನೆ: ನಾನು ಹೋಗದೇ ಇದ್ದ ಜಂಕ್ಷನ್ನಿನಲ್ಲಿ ಸಿಗ್ನಲ್ ಜಂಪ್ ಎಂದು ನೋಟಿಸ್ ಬಂದಿದೆ. ಕ್ಯಾಮೆರಾ ತಪ್ಪು ಮಾಡುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: ಮಾಡುತ್ತದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಶುರುವಾದ ವ್ಯವಸ್ಥೆಯಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳಿವೆ. 8 ಮತ್ತು ಬಿ, ಸೊನ್ನೆ ಮತ್ತು ಡಿ ಅದಲುಬದಲಾಗುವುದುಂಟು. ಪ್ಲೇಟಿನ ಮೇಲಿನ ಕೆಸರು, ಅಂಕಿಯ ಮೇಲೇ ಬಿದ್ದ ಬೋಲ್ಟು, ಅಲಂಕಾರದ ಅಕ್ಷರ ಇದಕ್ಕೆ ಕಾರಣ.

ಹಣ ಕಟ್ಟುವ ಮೊದಲು ಫೋಟೊ ಡೌನ್‌ಲೋಡ್ ಮಾಡಿಕೊಂಡು ವಾಹನದ ಮಾದರಿ, ಬಣ್ಣ, ಸಮಯ ಹೋಲಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮದಂತೆ ಚಲನ್‌ನಲ್ಲಿ ಉಲ್ಲಂಘನೆ ಮತ್ತು ಪ್ಲೇಟ್ ಎರಡೂ ಕಾಣುವ ಫೋಟೊ, ದಿನಾಂಕ, ಸಮಯ, ಸ್ಥಳ, ಯಾವ ಸೆಕ್ಷನ್ ಎಂಬುದು ಇರಬೇಕು. ಕ್ಯಾಮೆರಾ ಇರುವಲ್ಲಿ ಎಚ್ಚರಿಕೆ ಫಲಕವೂ ಬೇಕು. ಇವುಗಳಲ್ಲಿ ಯಾವುದು ಇಲ್ಲವೆಂದು ನಮೂದಿಸಿ, ಆರ್‌ಸಿ ಪ್ರತಿ ಮತ್ತು ನಿಮ್ಮ ಗಾಡಿಯ ಫೋಟೊ ಸೇರಿಸಿ ಸಂಚಾರ ಪೊಲೀಸರಿಗೆ ಲಿಖಿತ ಆಕ್ಷೇಪಣೆ ಕೊಡಿ. ಫೋಟೊದಲ್ಲಿರುವುದು ಬೇರೆ ಗಾಡಿ, ನಂಬರ್ ಮಾತ್ರ ನಿಮ್ಮದೇ ಆಗಿದ್ದರೆ ಅದು ನಕಲಿ ಪ್ಲೇಟ್. ಅವತ್ತೇ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ ಆ ಗಾಡಿ ಅಪಘಾತ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಪ್ರಶ್ನೆ: ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ ನಂಬರ್) ಪ್ಲೇಟ್, ಫಾಸ್ಟ್ಯಾಗ್‌ಗಳಲ್ಲೂ ಜಿಪಿಎಸ್ ಇದೆಯಂತೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಎರಡರಲ್ಲೂ ಇಲ್ಲ. ಎಚ್‌ಎಸ್‌ಆರ್‌ಪಿ ಅಲ್ಯೂಮಿನಿಯಂ ಪ್ಲೇಟ್. ಹಾಲೊಗ್ರಾಮ್, ಲೇಸರ್‌ನಲ್ಲಿ ಕೆತ್ತಿದ ಕ್ರಮಸಂಖ್ಯೆ ಬಿಟ್ಟರೆ ಬೇರೇನಿಲ್ಲ. ಫಾಸ್ಟ್ಯಾಗ್‌ಗೆ ಸ್ವಂತ ಬ್ಯಾಟರಿಯಿಲ್ಲ, ರೀಡರ್‌ನ ತರಂಗ ತಾಗಿದಾಗ ಮಾತ್ರ ತನ್ನ ಸಂಖ್ಯೆ ಹೇಳುತ್ತದೆ. ಆದರೆ ಪ್ರತಿ ಟೋಲ್ ದಾಟಿದ ಹೊತ್ತು ಬ್ಯಾಂಕಿನಲ್ಲಿ ದಾಖಲಾಗುತ್ತದೆ. ಗಾಡಿ ಮಾರಿದ ದಿನವೇ ಟ್ಯಾಗ್ ಮುಚ್ಚಿಸಿ, ಇಲ್ಲವಾದರೆ ಹೊಸ ಮಾಲೀಕರ ಓಡಾಟ ನಿಮ್ಮ ಹೆಸರಿನಲ್ಲೇ ಸೇರುತ್ತಾ ಹೋಗುತ್ತದೆ.