‘ಇನ್ನೊಂದು ಮ್ಯೂನಿಕ್ ಬೇಡ’ ಎಂದು ಬರೆದವರಿಗೆ

ಪ್ರಿಯ ಗೆಳೆಯರೇ,

ನಮಸ್ಕಾರ. ನಿಮ್ಮ ‘ಇನ್ನೊಂದು ಮ್ಯೂನಿಕ್ ಬೇಡ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬರಹದಲ್ಲಿ ಕಸುವಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. 1938ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆದ ಒಪ್ಪಂದದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಹಿಟ್ಲರನಿಗೆ ಮಣಿದು ಜೆಕೊಸ್ಲೊವಾಕಿಯಾದ ಗಡಿಭಾಗವಾದ ಸುಡೇಟನ್ ಪ್ರದೇಶವನ್ನು ಬಿಟ್ಟುಕೊಟ್ಟವು. ಆರು ತಿಂಗಳೊಳಗೆ ಅವನ ಸೈನ್ಯ ಆ ದೇಶದ ರಾಜಧಾನಿ ಪ್ರಾಗ್‌ನಲ್ಲಿತ್ತು. ಆದ್ದರಿಂದ ಸರ್ವಾಧಿಕಾರಿಗಳ ಜೊತೆ ಮಾತುಕತೆ ದಂಡ, ಯುದ್ಧವೇ ದಾರಿ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಹೋದದ್ದೂ ಇದೇ ಕಾರಣಕ್ಕೆ ಸರಿ.

ಮೊದಲು ಮ್ಯೂನಿಕ್ ಭಾಗ. ಆಗಿನ ಬ್ರಿಟನ್ ಪ್ರಧಾನಿ ಚೇಂಬರ್ಲಿನ್ ಹೇಡಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಹಿಂದಿನ ಮಹಾಯುದ್ಧ ಮುಗಿದು ಆಗಿನ್ನೂ ಇಪ್ಪತ್ತು ವರ್ಷ. ಆ ವಾರ ಲಂಡನ್ನಿನ ಪಾರ್ಕುಗಳಲ್ಲಿ ಕಂದಕ ತೋಡುತ್ತಿದ್ದರು, ಜನರಿಗೆ ಗ್ಯಾಸ್ ಮಾಸ್ಕ್ ಹಂಚುತ್ತಿದ್ದರು. ಸ್ಪಿಟ್‌ಫೈರ್ ಯುದ್ಧವಿಮಾನಗಳು ಬ್ರಿಟನ್ನಿನ ವಾಯುಪಡೆಗೆ ಬರಲು ಶುರುವಾಗಿದ್ದು ಅದೇ ಆಗಸ್ಟಿನಲ್ಲಿ. ಈ ಭಯವನ್ನು ಓದುಗರಿಗೆ ತೋರಿಸಿ, ಆಮೇಲೆ ತೀರ್ಪು ಕೊಡಿ. ಆಗ ನಿಮ್ಮ ತೀರ್ಪಿಗೂ ಜಾಸ್ತಿ ಬಲ ಬರುತ್ತದೆ.

ನಿಮ್ಮ ಪರವಾಗಿಯೇ ನಿಲ್ಲುವ ಒಂದು ಸಂಗತಿಯನ್ನು ನೀವು ಬಳಸಿಲ್ಲ. ಒಪ್ಪಂದದ ರಾತ್ರಿ ಜೆಕ್ ಪ್ರತಿನಿಧಿಗಳಿಗೆ ಸಭೆಗೆ ಪ್ರವೇಶವೇ ಇರಲಿಲ್ಲ. ಅವರು ಮ್ಯೂನಿಕ್‌ನದೇ ಹೋಟೆಲಿನಲ್ಲಿ ಕಾಯುತ್ತಿದ್ದರು. ಎಲ್ಲ ಮುಗಿದ ಮೇಲೆ, ನಡುರಾತ್ರಿ ಕಳೆದು ಎಷ್ಟೋ ಹೊತ್ತಿಗೆ ಕರೆಸಿ, ತಮ್ಮದೇ ದೇಶವನ್ನು ತುಂಡು ಮಾಡಿದ ನಕ್ಷೆ ಮತ್ತು ಕರಾರನ್ನು ಕೈಗೆ ಕೊಟ್ಟರು. ಅವರಿಗೆ ವಿವರಿಸುತ್ತಿದ್ದಾಗ ಚೇಂಬರ್ಲಿನ್ ಮತ್ತೆ ಮತ್ತೆ ಆಕಳಿಸುತ್ತಿದ್ದರು ಎಂದು ಆ ಪ್ರತಿನಿಧಿಗಳಲ್ಲೊಬ್ಬರಾದ ಹ್ಯೂಬರ್ಟ್ ಮಸಾರ್ಝಿಕ್ ವರದಿ ಮಾಡಿದ್ದಾರೆ. ಜೆಕೊಸ್ಲೊವಾಕಿಯಾಕ್ಕೆ ಫ್ರಾನ್ಸ್ ಜೊತೆ ರಕ್ಷಣಾ ಒಪ್ಪಂದವಿತ್ತು, ಗಡಿಯಲ್ಲಿ ಭದ್ರ ಕೋಟೆಸಾಲು ಇತ್ತು, ಸೈನ್ಯ ಸಜ್ಜಾಗಿತ್ತು. ಹೋರಾಡಲು ಅವರು ತಯಾರಿದ್ದರು. ಅಲ್ಲಿನ ಕಾರ್ಖಾನೆಗಳ ಟ್ಯಾಂಕುಗಳನ್ನೇ ಜರ್ಮನಿ 1940ರಲ್ಲಿ ಫ್ರಾನ್ಸಿನ ಮೇಲೆ ಓಡಿಸಿತು. ಮ್ಯೂನಿಕ್ ಯಾಕೆ ತಪ್ಪು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಲೇಖನ ಕೈಕೊಡುವುದು ನಿಮ್ಮ ‘ಆದ್ದರಿಂದ’ದಲ್ಲಿ. ಆಂಥೊನಿ ಈಡನ್ ಅವರನ್ನೇ ನೋಡಿ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯನ್ನು ಓಲೈಸುವುದು ಸರಿಯಲ್ಲ ಎಂದು 1938ರ ಫೆಬ್ರುವರಿಯಲ್ಲೇ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಪದವಿ ಬಿಟ್ಟವರು. ಮ್ಯೂನಿಕ್‌ನ ಪಾಠ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ. 1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದಾಗ, ಆಗ ಪ್ರಧಾನಿಯಾಗಿದ್ದ ಈಡನ್ ಕಣ್ಣಿಗೆ ನಾಸರ್ ಇನ್ನೊಬ್ಬ ಮುಸೊಲಿನಿಯಾಗಿ ಕಂಡರು. ಕಾಲುವೆ ಇದ್ದದ್ದು ಈಜಿಪ್ಟಿನ ನೆಲದಲ್ಲೇ. ಷೇರುದಾರರಿಗೆ ಪರಿಹಾರ ಕೊಡುವುದಾಗಿ ನಾಸರ್ ಹೇಳಿದ್ದರು. ಆದರೂ ಈಡನ್ ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಗುಟ್ಟಾಗಿ ಸೇರಿ ದಾಳಿ ಮಾಡಿಸಿದರು. ಅಮೆರಿಕ ಗದರಿತು, ಪೌಂಡ್ ಕುಸಿಯುವ ಭಯ ಬಂತು, ನವೆಂಬರ್ 6ಕ್ಕೆ ಕದನ ನಿಲ್ಲಿಸಬೇಕಾಯಿತು. 1957ರ ಜನವರಿಯಲ್ಲಿ ಈಡನ್ ರಾಜೀನಾಮೆ ಕೊಟ್ಟರು. ಕಾಲುವೆ ಈಜಿಪ್ಟಿನ ಕೈಯಲ್ಲೇ ಉಳಿಯಿತು.

ಈಡನ್ ಪಕ್ಕದಲ್ಲಿ ನೆಹರೂ ಅವರನ್ನು ನಿಲ್ಲಿಸಿ ನೋಡಿ. 1938ರ ಆಗಸ್ಟಿನಲ್ಲಿ ನೆಹರೂ ಪ್ರಾಗ್‌ಗೆ ಹೋಗಿದ್ದರು. ಜೆಕ್ಕರನ್ನು ಕೈಬಿಡಬಾರದು ಎಂದು ಗಟ್ಟಿಯಾಗಿ ಹೇಳಿದ್ದರು. 1956ರಲ್ಲಿ ಅದೇ ನೆಹರೂ ಈಜಿಪ್ಟಿನ ಮೇಲಿನ ದಾಳಿಯನ್ನು ವಿರೋಧಿಸಿದರು. ಇಬ್ಬರೂ ಓಲೈಕೆಯ ವಿರೋಧಿಗಳೇ. ಹದಿನೆಂಟು ವರ್ಷದ ನಂತರ ಇಬ್ಬರೂ ಎದುರುಬದುರು. ಪಾಠ ಒಂದೇ ಆಗಿದ್ದರೂ ತೀರ್ಮಾನ ಬೇರೆಯಾಯಿತು, ಯಾಕೆಂದರೆ ಮುಂದಿದ್ದ ಪ್ರಶ್ನೆಯೇ ಬೇರೆ. ಇಲ್ಲಿ ನಿಮ್ಮ ಲೇಖನ ತುಸು ನಿಂತು ಯೋಚಿಸಬೇಕಿತ್ತು, ಅಲ್ವಾ?

1965ರ ಜುಲೈನಲ್ಲಿ ವಿಯೆಟ್ನಾಮಿಗೆ ಇನ್ನಷ್ಟು ಸೈನ್ಯ ಕಳಿಸುವಾಗ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಮ್ಯೂನಿಕ್ ಹೆಸರನ್ನೇ ಹೇಳಿದರು. ಆ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಸತ್ತ ವಿಯೆಟ್ನಾಮಿಗಳು ಲಕ್ಷಗಟ್ಟಲೆ. ಇದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಇರಾಕ್ ಬಗ್ಗೆ ಬರೆಯುವುದಾದರೆ 1990 ಮತ್ತು 2003 ಎರಡನ್ನೂ ತನ್ನಿ. ಇರಾಕಿನ ಸರ್ವಾಧಿಕಾರಿ ಅದೇ ಸದ್ದಾಂ ಹುಸೇನ್, ಎರಡು ಸಲವೂ ಅದೇ ಹಿಟ್ಲರ್ ಹೋಲಿಕೆ. 1990ರಲ್ಲಿ ಅವನು ಕುವೈತನ್ನು ಇಡಿಯಾಗಿ ನುಂಗಿದ್ದ. ಕುವೈತ್ ಸಹಾಯ ಕೇಳಿತು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಆ ಯುದ್ಧವನ್ನು ನಾನೂ ಸಮರ್ಥಿಸುತ್ತೇನೆ. 2003ರಲ್ಲಿ ಅವನು ಯಾರ ಗಡಿಯನ್ನೂ ದಾಟಿರಲಿಲ್ಲ. ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ತಪಾಸಕರು ಇರಾಕಿನೊಳಗೇ ಇದ್ದರು, ಇನ್ನಷ್ಟು ಸಮಯ ಕೇಳುತ್ತಿದ್ದರು. ಇದೆ ಎಂದು ಅಮೆರಿಕ ಹೇಳಿದ ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನು ಕೊನೆಗೂ ಸಿಗಲಿಲ್ಲ. ಮ್ಯೂನಿಕ್ ಹೆಸರು ಹೇಳಿದ ಕೂಡಲೇ ಈ ವ್ಯತ್ಯಾಸಗಳೆಲ್ಲ ಕಣ್ಮರೆಯಾಗುತ್ತವೆ. ಅನುಮಾನಿಸಿದವನು ಸುಮ್ನೆ ಹೇಡಿಯಾಗಿಬಿಡುತ್ತಾನೆ. ನಿಮ್ಮ ನಾಲ್ಕನೇ ಪುಟದಲ್ಲಿ ಆಗಿರುವುದೂ ಅದೇ. ಯುದ್ಧ ಬೇಡ ಎಂದವರನ್ನು ಬೈದಿದ್ದೀರಿ, ಅವರ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಮರುಬರೆಯುವಾಗ ಮ್ಯೂನಿಕ್ ಭಾಗ ಉಳಿಸಿಕೊಳ್ಳಿ, ಹಿಗ್ಗಿಸಿ. ಪುಟಪುಟಕ್ಕೂ ಬರುವ ‘ಇತಿಹಾಸ ಪಾಠ ಕಲಿಸಿದೆ’ ತೆಗೆಯಿರಿ. ನೀವು ಸಮರ್ಥಿಸುವ ಯುದ್ಧ ಯಾವುದೇ ಇರಲಿ, ಹಿಟ್ಲರನ ಹೆಸರು ಎತ್ತದೆ ಅದರ ಕಾರಣವನ್ನು ಒಂದು ಪ್ಯಾರಾದಲ್ಲಿ ಬರೆದು ನೋಡಿ. ಯಾರ ಮೇಲೆ ದಾಳಿಯಾಗಿದೆ, ಅವರು ಏನು ಕೇಳುತ್ತಿದ್ದಾರೆ, ಬೇರೆ ದಾರಿ ಏನಿತ್ತು, ಗೆದ್ದ ಮಾರನೇ ದಿನ ಆ ಊರಲ್ಲಿ ನೀರು, ಕರೆಂಟು, ಪೊಲೀಸು ಯಾರು ನೋಡಿಕೊಳ್ಳುತ್ತಾರೆ, ಇಷ್ಟೂ ಅದರಲ್ಲಿ ಬರಲಿ. ಅಷ್ಟಾದ ಮೇಲೂ ಯುದ್ಧವೇ ಸರಿ ಎಂದು ನಿಮಗೆ ಅನ್ನಿಸಿದರೆ ಹಾಗೇ ಬರೆಯಿರಿ. ನನಗೆ ಒಪ್ಪಿಗೆ ಇರಲಿ ಬಿಡಲಿ, ಪ್ರಕಟಿಸುತ್ತೇನೆ.

ಇಂತಿ,
ಸಂಪಾದಕ