ಇಟಿಸಿಒ2 ಇದ್ದ ಮೇಲೆ ಎಬಿಜಿ ಬೇಕಾ?

ನಿಮ್ಮ ಎಮರ್ಜೆನ್ಸಿಯಲ್ಲಿ ಎಬಿಜಿ (ಅಪಧಮನಿಯ ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಪರೀಕ್ಷೆ) ಮಷೀನ್ ಇಲ್ಲ, ರಕ್ತದ ಸ್ಯಾಂಪಲ್ ಹಿಡಿದು ಐಸಿಯುಗೆ ಓಡಬೇಕು. ಹಾಗಾಗಿ ಇಟಿಸಿಒ2 (ಹೊರಬಿಡುವ ಉಸಿರಿನ ಕೊನೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಒ2, ಮಟ್ಟ) ಒಂದನ್ನೇ ನೋಡಿಕೊಂಡು ವೆಂಟಿಲೇಟರ್ ಸೆಟ್ ಮಾಡಬಹುದಾ ಅಂತ ಕೇಳಿದ್ದೀರಿ. ನಾನೂ ಹಾಗೇ ಮಾಡುತ್ತಿದ್ದೆ.

ಪಿಜಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ರಾತ್ರಿ ಕರೆತಂದರು. ತಲೆಗೂ ಎದೆಗೂ ಪೆಟ್ಟು, ಬಿಪಿ 80ರ ಆಸುಪಾಸು. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಿದೆ. ಮಾನಿಟರ್‌ನಲ್ಲಿ ಸಿಒ2 ಗ್ರಾಫ್ ಚೆನ್ನಾಗಿ ಬಂತು, ಇಟಿಸಿಒ2 ಮಾತ್ರ 28, ಇರಬೇಕಾದ್ದಕ್ಕಿಂತ ಕಡಿಮೆ. ತಲೆಗೆ ಪೆಟ್ಟಾದವರಲ್ಲಿ ಸಿಒ2 ತೀರಾ ಇಳಿದರೆ ಮೆದುಳಿನ ರಕ್ತನಾಳ ಬಿಗಿದು ರಕ್ತ ಸಾಲದಾಗುತ್ತದೆ, ಅಲ್ವಾ? ಉಸಿರು ಜಾಸ್ತಿ ಕೊಡುತ್ತಿದ್ದೇನೆ ಅಂದುಕೊಂಡು ರೇಟ್ (ವೆಂಟಿಲೇಟರ್ ನಿಮಿಷಕ್ಕೆ ಕೊಡುವ ಉಸಿರು) 18ರಿಂದ 12ಕ್ಕೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಇಟಿಸಿಒ2 36 ಬಂತು. ಸರಿಹೋಯಿತು ಅಂತ ಸಿಟಿ ಸ್ಕ್ಯಾನಿಗೆ ಹೊರಡಿಸಿದೆ.

ತಪ್ಪಿದ್ದು ಅಲ್ಲೇ. ಆ 28 ನನ್ನ ವೆಂಟಿಲೇಟರ್ ಸೆಟ್ಟಿಂಗಿನಿಂದ ಬಂದದ್ದಲ್ಲ, ಅವನ ಬಿಪಿಯಿಂದ ಬಂದದ್ದು. ಬಿಪಿ ಬಿದ್ದಾಗ ಶ್ವಾಸಕೋಶದ ಎಷ್ಟೋ ಭಾಗಕ್ಕೆ ಗಾಳಿ ಹೋಗುತ್ತದೆ, ರಕ್ತ ಹೋಗುವುದಿಲ್ಲ. ಅಲ್ಲಿಂದ ಹೊರಬರುವ ಗಾಳಿಯಲ್ಲಿ ಸಿಒ2 ಇರುವುದೇ ಇಲ್ಲ ಅನ್ನಬಹುದು. ಅದು ಉಳಿದ ಗಾಳಿಗೆ ಬೆರೆತರೆ ಹಾಲಿಗೆ ನೀರು ಬೆರೆಸಿದ ಹಾಗೆ, ಮಾನಿಟರ್ ಕಡಿಮೆ ತೋರಿಸುತ್ತದೆ. ಆರೋಗ್ಯವಂತರಲ್ಲಿ ರಕ್ತದ ಸಿಒ2ಗೂ ಇಟಿಸಿಒ2ಗೂ 2ರಿಂದ 5 ಅಷ್ಟೇ ವ್ಯತ್ಯಾಸ. ಶಾಕ್ (ಬಿಪಿ ಬಿದ್ದು ಅಂಗಗಳಿಗೆ ರಕ್ತ ಸಾಲದಿರುವುದು), ಎದೆಗೆ ಪೆಟ್ಟು, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ಪಲ್ಮನರಿ ಎಂಬಾಲಿಸಮ್ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು) ಇದ್ದರೆ 10, 20 ದಾಟಬಹುದು. ನಮ್ಮ ಎಮರ್ಜೆನ್ಸಿಗೆ ಬರುವವರೇ ಇಂಥವರು.

ಸ್ಕ್ಯಾನಿನಿಂದ ಬರುವಷ್ಟರಲ್ಲಿ ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ಆಗ ಎಬಿಜಿ ಕಳಿಸಿದೆ. ಪಿಸಿಒ2, ಅಂದರೆ ರಕ್ತದ ಸಿಒ2, 58. ಅಷ್ಟು ಸಿಒ2ಗೆ ಮೆದುಳಿನ ರಕ್ತನಾಳ ಹಿಗ್ಗುತ್ತದೆ, ತಲೆಯೊಳಗಿನ ಒತ್ತಡ ಏರುತ್ತದೆ. ತಕ್ಷಣ ಆಪರೇಷನ್ ಆಯಿತು, ಹುಡುಗ ಬದುಕಿದ. ಮಾತು ಮೊದಲಿನಂತೆ ಬರಲಿಲ್ಲ. ಪೆಟ್ಟು ದೊಡ್ಡದೇ ಇತ್ತು, ಒಪ್ಪುತ್ತೇನೆ. ಅದಕ್ಕೆ ನಾನೂ ಸೇರಿಸಿದೆ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಅದಕ್ಕೇ ‘ಇದಾ, ಅದಾ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಯಾಪ್ನೋಗ್ರಫಿಯನ್ನು, ಅಂದರೆ ಇಟಿಸಿಒ2 ತೋರಿಸುವ ಆ ಗ್ರಾಫನ್ನು, ಬಿಡಲೇಬೇಡಿ. ಟ್ಯೂಬ್ ಶ್ವಾಸನಾಳದಲ್ಲಿದೆಯಾ ಅಂತ ಹೇಳಲು ಅದಕ್ಕಿಂತ ನಂಬಿಕೆಯ ದಾರಿ ಇಲ್ಲ. ಗ್ರಾಫ್ ಚಪ್ಪಟೆಯಾದರೆ, ಬೇರೆ ಕಾರಣ ಖಾತ್ರಿಯಾಗುವ ತನಕ, ಟ್ಯೂಬ್ ಅನ್ನನಾಳದಲ್ಲಿದೆ ಅಂತಲೇ ತಿಳಿಯಿರಿ. ಆದರೆ ರೇಟ್ ಇಳಿಸುವ ಮೊದಲು ಒಂದು ಎಬಿಜಿ ಆಗಲೇಬೇಕು. ಐಸಿಯುಗೆ ಓಡಬೇಕಾದರೆ ಓಡಿ. ಸ್ಯಾಂಪಲ್ ತೆಗೆದ ನಿಮಿಷದ ಇಟಿಸಿಒ2 ಎಷ್ಟಿತ್ತು ಅಂತ ಕೇಸ್ ಶೀಟಿನಲ್ಲಿ ಬರೆಯಿರಿ. ಎಬಿಜಿಯ ಸಿಒ2ಗೂ ಅದಕ್ಕೂ ಇರುವ ವ್ಯತ್ಯಾಸ ಸಿಕ್ಕಿದ ಮೇಲೆ ಮಾನಿಟರ್ ನೋಡಿಕೊಂಡು ನಡೆಸಬಹುದು, ಬಿಪಿ ಬದಲಾಗುವ ತನಕ ಮಾತ್ರ. ಬದಲಾದರೆ ಹಳೆ ಲೆಕ್ಕ ಬಿಡಿ, ಇನ್ನೊಂದು ಸ್ಯಾಂಪಲ್ ಕಳಿಸಿ.